ನಿಮ್ಮ ಕೈ, ನನ್ನ ತಲೆ

ಆ ನಾಟಕ ಕಂಪನಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ನೆಂಟರು’ ಎಂದು. ರಾಜನ ಪಾತ್ರಕ್ಕೆ ಇವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎನಿಸಿಕೊಂಡವರಿಗೆ ಇದೆಂಥ ಹೆಸರು ಎಂದು ಹೊಸಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಳಬರಿಗೆ ಅಷ್ಟೇ ಸಾಕು, ಕಥೆ ಬಿಚ್ಚುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ, ಗೋದಾಮಿನಲ್ಲಿ ಮೂಟೆ ತೂಗುತ್ತಿದ್ದ ಅಪ್ಪನಿಗೆ ಒಂದು ಮಾತೂ ಹೇಳದೆ ಕಂಪನಿ ಸೇರಿದ ಈ ಮನುಷ್ಯನಿಗೆ ಸಿಕ್ಕ ಮೊದಲ ಪಾತ್ರ ದೂತನದು. ಇದ್ದದ್ದು ಒಂದೇ ಮಾತು: ‘ಮಹಾಪ್ರಭು, ವೈರಿಗಳು ಕೋಟೆಯ ಬಾಗಿಲಿಗೆ ಬಂದರು.’ ಓಡಿಬಂದು, ಮಂಡಿಯೂರಿ, ಏದುಸಿರು ಬಿಡುತ್ತ ಹೇಳಬೇಕು. ಏದುಸಿರಿಗೆ ಅಭಿನಯವೇ ಬೇಕಾಗಲಿಲ್ಲ, ಹೆದರಿಕೆಗೆ ತಾನಾಗಿಯೇ ಬಂತು. ಮಾತು ಮಾತ್ರ ಕೈಕೊಟ್ಟಿತು. ‘ಮಹಾಪ್ರಭು, ನೆಂಟರು ಬಾಗಿಲಿಗೆ ಬಂದರು’ ಎಂದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಸಿಂಹಾಸನದ ಮೇಲಿದ್ದ ಹಿರಿಯ ನಟರು ಹುಬ್ಬು ಸಹ ಅಲುಗಿಸದೆ, ‘ಬಂದ ನೆಂಟರು ಕತ್ತಿ ಹಿಡಿದಿರುವರೋ?’ ಎಂದು ಕೇಳಿ ನಾಟಕವನ್ನು ದಾರಿಗೆ ತಂದರು. ಹೆಸರು ಮಾತ್ರ ಅಂಟಿಕೊಂಡಿತು. ಕೊನೆಗೆ ಹೆಂಡತಿಯೂ ಸಿಟ್ಟು ಬಂದಾಗ ‘ಏನ್ರೀ ನೆಂಟರೇ’ ಎಂದೇ ಕರೆಯುತ್ತಿದ್ದಳು.

ಹೆದರಿಕೆಯೂ ಹೆಸರಿನ ಹಾಗೆಯೇ ಅಂಟಿಕೊಂಡಿತು. ಪ್ರತಿ ಆಟಕ್ಕೂ ಮೊದಲು ಹಿಂಬದಿಯ ನಲ್ಲಿಯ ಹತ್ತಿರ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡು ಬರುತ್ತಿದ್ದರು. ಒಂದು ಸಂಜೆ ಹಿರಿಯ ನಟರು, ಕಂಪನಿಯವರೆಲ್ಲ ‘ದೊಡ್ಡವರು’ ಎನ್ನುತ್ತಿದ್ದವರು, ಇದನ್ನು ನೋಡಿದರು. ಬೈಯುತ್ತಾರೆಂದು ಇವರು ಮುದುಡಿ ನಿಂತರೆ ಅವರು ಟವಲು ಕೊಟ್ಟರು. ‘ಹೆದರ್ಕೆ ಇಲ್ದೋನು ರಂಗಕ್ಕೆ ಬರ್ಲೇಬಾರ್ದು ಕಣೋ. ಆದ್ರೆ ನಿನ್ನ ಹೆದರ್ಕೆ ಎಲ್ಲಾ ನಿನ್ ಬಗ್ಗೇನೇ. ಅದು ಚಿಲ್ಲರೆ ಹೆದರ್ಕೆ. ಎದುರಿಗಿರೋನ ಬಗ್ಗೆ ಹೆದರೋದು ಕಲಿ’ ಎಂದರು. ಆಗ ಆ ಮಾತು ಇವರ ತಲೆಗೆ ಹತ್ತಲಿಲ್ಲ. ಹತ್ತಿದ್ದು ಎಷ್ಟೋ ವರ್ಷದ ಮೇಲೆ, ಕತ್ತಿ ತಮ್ಮ ಕೈಯಲ್ಲೇ ಇದ್ದಾಗ.

ಆ ಕಂಪನಿಗೆ ಅನ್ನ ಹಾಕುತ್ತಿದ್ದದ್ದು ಒಂದೇ ಹಳೆಯ ನಾಟಕ. ಮುದಿ ರಾಜನೊಬ್ಬ ಚಾಡಿ ಮಾತು ನಂಬಿ, ಮಗನೇ ತನ್ನನ್ನು ಕೊಲ್ಲುತ್ತಾನೆಂದು ತಿಳಿದು, ಮಲಗಿದ ಮಗನ ಕೋಣೆಗೆ ಕತ್ತಿ ಹಿಡಿದು ಬರುತ್ತಾನೆ. ಎತ್ತಿದ ಕತ್ತಿ ಕೊನೆಯ ಗಳಿಗೆಯಲ್ಲಿ ಮಗನ ತಲೆಯ ಪಕ್ಕದ ದಿಂಬನ್ನು ಸೀಳುತ್ತದೆ. ಬೇರೆ ಕಂಪನಿಗಳವರು ಇದಕ್ಕೆ ಬಣ್ಣ ಬಳಿದ ಮರದ ಕತ್ತಿ ಇಟ್ಟುಕೊಂಡಿದ್ದರು. ಇವರದು ಉಕ್ಕಿನದು. ‘ಮರ ಮರದ ಥರಾನೇ ಸದ್ದು ಮಾಡುತ್ತೆ’ ಎನ್ನುವುದು ಕಂಪನಿಯ ಯಜಮಾನರ ಹೆಮ್ಮೆ. ಅಲಗನ್ನು ಉಜ್ಜಿ ಮೊಂಡು ಮಾಡಿದ್ದರು, ನಿಜ. ಆದರೆ ಅಲಗು ಮೊಂಡಾದರೆ ಭಾರ ಮೊಂಡಾಗುತ್ತದೆಯೇ? ಆ ಭಾರ ಒಂದು ಗೇಣು ಈಚೆ ಬಿದ್ದರೆ ತಲೆ ತೆಂಗಿನಕಾಯಿ.

ಅದಕ್ಕೇ ಒಂದು ನಿಯಮವಿತ್ತು. ಆ ದೃಶ್ಯಕ್ಕೆ ಮೊದಲು ರಾಜ ತನ್ನ ಕತ್ತಿಯನ್ನು ರಾಜಕುಮಾರನಿಗೆ ತೋರಿಸಬೇಕು. ರಾಜಕುಮಾರ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ‘ನಿಮ್ಮ ಕೈ, ನನ್ನ ತಲೆ’ ಎನ್ನಬೇಕು. ರಾಜ ‘ಹೋಗಿ ಮಲಗು, ಮಗನೇ’ ಎನ್ನಬೇಕು. ಆಮೇಲೆ ಮಲಗಿದವನು ಕಣ್ಣು ತೆರೆಯುವ ಹಾಗಿಲ್ಲ, ಮಿಸುಕುವ ಹಾಗಿಲ್ಲ. ಒಬ್ಬ ರಾಜಕುಮಾರ ಹಿಂದೆಂದೋ ಅರೆಗಣ್ಣು ತೆರೆದು ನೋಡಿ, ಬೆದರಿ ತಲೆ ಹೊರಳಿಸಿ, ಕಿವಿಯ ಅರ್ಧ ಕಳೆದುಕೊಂಡಿದ್ದನಂತೆ. ನಿಜವೋ ಸುಳ್ಳೋ, ಕೇಳಿದವರಂತೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಮಲಗುತ್ತಿದ್ದರು.

ನೆಂಟರು ರಾಜಕುಮಾರನಾಗಿ ಎಷ್ಟೋ ವರ್ಷ ಹಾಗೆ ಮಲಗಿದ್ದರು. ಕಣ್ಣು ಮುಚ್ಚಿದಾಗ ಅವರಿಗೆ ಕೇಳುತ್ತಿದ್ದದ್ದು ನೆಲದ ಹಲಗೆಗಳ ಸದ್ದು. ರಂಗದ ಅಂಚಿನ ಹಲಗೆ ‘ಕುಂಯ್’ ಎಂದರೆ ದೊಡ್ಡವರು ಒಳಗೆ ಬಂದರು. ನಡುವಿನದು ಒಣಕೆಮ್ಮಿನ ಹಾಗೆ ಸದ್ದು ಮಾಡಿದರೆ ಅರ್ಧ ದಾರಿ. ಮಂಚದ ಪಕ್ಕದ್ದು ‘ಕಿರ್‍ರ್’ ಎಂದು ನರಳಿದರೆ ಇನ್ನು ಕತ್ತಿ ಮೇಲೇಳುತ್ತದೆ. ಆಮೇಲೆ ಕಿವಿಯ ಹತ್ತಿರ ಗಾಳಿ, ದಿಂಬು ಧೊಪ್ಪೆಂದು ಒಡೆದ ಸದ್ದು, ಮುಖದ ಮೇಲೆ ಹತ್ತಿ. ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಪ್ರತಿ ಸಲವೂ ಪರದೆ ಬಿದ್ದ ಮೇಲೆ ದೊಡ್ಡವರು ಇವರ ಹಣೆಯ ಬೆವರು ಒರೆಸುತ್ತಿದ್ದರು. ಒರೆಸುವ ಆ ಕೈ ಇವರ ಹಣೆಗಿಂತ ಹೆಚ್ಚು ಬೆವರಿರುತ್ತಿತ್ತು.

ದೊಡ್ಡವರ ತೋಳಿನ ಬಲ ಇಳಿದ ಮೇಲೆ ಕತ್ತಿ ನೆಂಟರ ಕೈಗೆ ಬಂತು. ಹೊಸದಾಗಿ ರಾಜನಾದವರ ಗತ್ತು ನೋಡಬೇಕಿತ್ತು! ಕಿರೀಟ ಒಂದೆಳೆ ವಾಲಿದರೆ ಸಿಟ್ಟು, ದೀಪ ಚೂರು ಹೆಚ್ಚಾದರೆ ಸಿಟ್ಟು. ಮೊದಲ ವರ್ಷವೇ ಆಗ ಇನ್ನೂ ಮೀಸೆ ಚಿಗುರುತ್ತಿದ್ದ ರಂಗದ ಬಡಗಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದರು: ‘ಏನಯ್ಯಾ ನಿನ್ ನೆಲ? ಮಗನ್ನ ಕೊಲ್ಲೋಕೆ ಕಳ್ಳಹೆಜ್ಜೆ ಇಟ್ಕೊಂಡು ಬರೋ ರಾಜ ಹಳೇ ಎತ್ತಿನಗಾಡಿ ಥರ ಕಿರುಗುಟ್ಕೊಂಡು ಬರ್ಬೇಕಾ?’ ಬಡಗಿ ತಲೆ ತಗ್ಗಿಸಿ ನಿಂತಿದ್ದ. ಬೈದವರು ಮಾರನೆಯ ದಿನವೇ ಮರೆತರು.

ಕಾಲ ಯಾರನ್ನು ಕಾಯುತ್ತದೆ! ಅವರ ಮಗಳು ಬೆಳೆದಳು, ಶಾಲೆಯಲ್ಲಿ ಟೀಚರಾದಳು, ಕಂಪನಿಯ ಹೊಸ ರಾಜಕುಮಾರನನ್ನೇ ಮೆಚ್ಚಿ ಮದುವೆಯಾದಳು. ಹೀಗೆ, ರಾತ್ರಿ ಮನೆಯಲ್ಲಿ ಪಕ್ಕದಲ್ಲಿ ಕೂತು ಊಟ ಮಾಡುವ ಅಳಿಯನೇ ಸಂಜೆ ರಂಗದಲ್ಲಿ ಮಾವನ ಕತ್ತಿಯ ಕೆಳಗೆ ಮಲಗುವಂತಾಯಿತು. ಅಳಿಯ ಒಳ್ಳೆ ಹಾಸ್ಯಗಾರ. ‘ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸಂತೆ. ಆ ಲೆಕ್ಕದಲ್ಲಿ ನಾನು ಸಾಯೋದೇ ಇಲ್ಲ ಬಿಡಿ’ ಎಂದು ನಗಿಸುತ್ತಿದ್ದ.

ನೆಂಟರಿಗೆ ನಗು ನಿಂತುಹೋಗಿ ಸ್ವಲ್ಪ ಕಾಲವಾಗಿತ್ತು. ಕಣ್ಣು ಹೋಗುತ್ತಿತ್ತು. ಒಂದೇ ಸಲಕ್ಕೆ ಹೋಗಲಿಲ್ಲ, ಅಂಚಿನಿಂದ ಒಳಗೆ ಕತ್ತಲೆ ಮೇಯುತ್ತ ಬಂತು. ಹಗಲಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತಿತ್ತು. ಬೆಳಕು ಇಳಿದರೆ ಅದೂ ಇಲ್ಲ. ಕಣ್ಣಿನ ಡಾಕ್ಟರು ‘ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ’ ಎಂದು ಹನಿ ಔಷಧ ಬರೆದುಕೊಟ್ಟಿದ್ದರು. ಸುದ್ದಿ ಗೊತ್ತಿದ್ದದ್ದು ಹೆಂಡತಿ ಒಬ್ಬಳಿಗೆ. ಕಂಪನಿಯ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವಳು ಆಕೆ. ಅವರ ನಿಲುವಂಗಿಯ ಒಳಬದಿಗೆ ದಪ್ಪ ದಾರದ ಗಂಟು ಹಾಕಿ, ಮುಂಭಾಗ ಯಾವುದೆಂದು ಬೆರಳಿಗೆ ತಿಳಿಯುವ ಹಾಗೆ ಮಾಡಿಕೊಟ್ಟಿದ್ದಳು.

ಕೊಲ್ಲುವ ದೃಶ್ಯದಲ್ಲಿ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನೆಂಟರಿಗೆ ಏನೇನೂ ಕಾಣುತ್ತಿರಲಿಲ್ಲ. ದಾರಿ ತೋರಿಸುತ್ತಿದ್ದದ್ದು ಅದೇ ನೆಲ. ಕುಂಯ್, ಒಣಕೆಮ್ಮು, ಕಿರ್‍ರ್. ಆ ಕೊನೆಯ ಹಲಗೆ ಕಾಲಡಿ ನರಳಿತೆಂದರೆ ಮಂಚ ಎಲ್ಲಿ, ದಿಂಬು ಎಲ್ಲಿ ಎಂಬುದು ಅವರ ತೋಳಿಗೆ ಗೊತ್ತಿತ್ತು. ಮಂಚದ ಕಾಲುಗಳು ನೆಲದಲ್ಲಿ ಕೊರೆದ ಗುಳಿಗಳಲ್ಲಿ ಕೂರುತ್ತಿದ್ದರಿಂದ ಅದು ಅತ್ತಿತ್ತ ಜರುಗುವ ಭಯವಿರಲಿಲ್ಲ. ಹಿಂದೊಮ್ಮೆ ತಾವೇ ಬೈದಿದ್ದ ಸದ್ದು ಈಗ ಅವರ ಕೈ ಹಿಡಿದು ನಡೆಸುತ್ತಿತ್ತು.

ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. ‘ನಿಮ್ಮ ಕಣ್ಣು ಹೋದ್ರೆ ನಾನು ನೋಡ್ಕೋತೀನಿ. ಅಳಿಯಂದ್ರ ತಲೆ ಹೋದ್ರೆ ಮಗಳಿಗೆ ಏನು ಹೇಳ್ಲಿ?’ ಎಂದಳು.

‘ಅಂಥಾದ್ದೇನೂ ಆಗಲ್ಲ ಕಣೇ.’

‘ಆಗೋವರ್ಗೂ ಆಗಲ್ಲ ಅಂತಾನೇ ಎಲ್ರೂ ಅನ್ನೋದು.’

ಕಣ್ಣಿನ ವಿಷಯ ಹೇಳಿದರೆ ಯಜಮಾನರು ಅಂದೇ ಕತ್ತಿ ಇಸಿದುಕೊಳ್ಳುತ್ತಾರೆ. ಆಮೇಲೆ? ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಯಾರು ಬಂದರೂ ‘ಯಾರದು?’ ಎಂದು ಕೇಳುತ್ತ ಕೂರುವ ಮುದುಕನಾಗುವುದು ಅವರಿಗೆ ಸಾವಿಗಿಂತ ದೊಡ್ಡ ಹೆದರಿಕೆ. ಕೊನೆಗೆ ಹೆಂಡತಿಯ ಕೈ ಹಿಡಿದು ಮಾತು ಕೊಟ್ಟರು. ಕಂಪನಿಗೆ ಐವತ್ತು ತುಂಬುವ ದಿನದ ಆಟ ಹತ್ತಿರದಲ್ಲೇ ಇತ್ತು. ‘ಅದೊಂದು ಮುಗೀಲಿ. ನಾನೇ ಎಲ್ರಿಗೂ ಹೇಳ್ತೀನಿ.’ ಇದೊಂದು ಮುಗಿಯಲಿ ಎನ್ನುವ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಆಕೆಗೂ ಅದು ಗೊತ್ತಿತ್ತು, ಗಂಡನ ಮುಖ ನೋಡಿ ಒಪ್ಪಿಕೊಂಡಳು.

ಆ ಆಟಕ್ಕೆ ಮೊದಲು ರಂಗದ ಬಾಗಿಲಿಗೆ ಬೀಗ ಬಿತ್ತು. ಬಡಗಿ ಒಳಗೆ ಏನೋ ಕೆಲಸ ಹಿಡಿದಿದ್ದಾನೆ, ಹೊಸ ಪರದೆ ಕಟ್ಟುತ್ತಿದ್ದಾನೆ ಎಂದರು. ತಾಲೀಮು ಹಿಂದಿನ ಉಗ್ರಾಣದಲ್ಲೇ ನಡೆಯಿತು. ಬಡಗಿ ಎದುರಾದಾಗಲೆಲ್ಲ ನೆಂಟರನ್ನು ನೋಡಿ ಒಳಗೊಳಗೇ ನಗುತ್ತಿದ್ದನಂತೆ. ಆ ನಗು ಅವರಿಗೆ ಕಾಣಲಿಲ್ಲ.

ಆ ಸಂಜೆ ಸಭೆ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ಮಗಳು ಕೂತಿದ್ದಳು. ನೆಂಟರು ಕಿರೀಟ ಸರಿಮಾಡಿಕೊಂಡು, ಅಂಚಿನ ಹಲಗೆಯ ಮೇಲೆ ಕಾಲಿಟ್ಟರು. ಸದ್ದಿಲ್ಲ. ತಪ್ಪು ಹಲಗೆ ಮೆಟ್ಟಿದೆನೇನೋ ಎಂದು ಇನ್ನೊಂದು ಹೆಜ್ಜೆ ಇಟ್ಟರು. ಸದ್ದಿಲ್ಲ. ನಡುವಿಗೆ ಬಂದರು, ಅಲ್ಲೂ ಇಲ್ಲ. ಮೂಗಿಗೆ ಹೊಸ ಮರದ ವಾಸನೆ ಬಡಿಯಿತು. ಬಾಯಿ ಎಷ್ಟೋ ವರ್ಷದ ರೂಢಿಯಲ್ಲಿ ಪದ್ಯ ಹೇಳುತ್ತಿತ್ತು, ಮಂದಿ ತಲೆದೂಗುತ್ತಿದ್ದರು, ಅವರ ಬೆನ್ನಿನಲ್ಲಿ ತಣ್ಣನೆ ಬೆವರು ಇಳಿಯುತ್ತಿತ್ತು.

ಮೊದಲೆರಡು ಅಂಕಗಳಲ್ಲಿ ಬೆಳಕು ಧಾರಾಳವಾಗಿತ್ತು, ಹೇಗೋ ದಾಟಿದರು. ಬಿಡುವಿನಲ್ಲಿ ಹೆಂಡತಿಯ ತೋಳು ಹಿಡಿದುಕೊಂಡರು. ‘ನೆಲ ಮಾತಾಡ್ತಿಲ್ಲ ಕಣೇ. ಎಲ್ಲಾ ಬದಲಾಯಿಸ್ಬಿಟ್ಟಿದಾನೆ.’

ಆಕೆಯ ಕೈಯಿಂದ ಸೂಜಿ ಬಿತ್ತು. ‘ಹಾಗಾದ್ರೆ ಹೋಗಿ ಹೇಳಿ. ಈಗ್ಲೇ ಹೇಳಿ. ಅಳಿಯಂದ್ರಿಗಾದ್ರೂ ಹೇಳಿ.’

ಹೇಳಬೇಕೆಂದೇ ಹೋದರು. ಒಂದು ಮಾತು ಸಾಕಿತ್ತು: ಇವತ್ತು ಕತ್ತಿ ಬೀಸಲ್ಲ. ಗೋಡೆ ಸವರಿಕೊಂಡು ಓಣಿಯಲ್ಲಿ ನಡೆಯುತ್ತ ಆ ಮಾತನ್ನು ದೂತನ ಮಾತಿನ ಹಾಗೆ ಬಾಯಿಪಾಠ ಮಾಡಿದರು. ಅಳಿಯನ ಕೋಣೆಯ ಬಾಗಿಲಲ್ಲಿ ಯಜಮಾನರ ದನಿ ಕೇಳಿತು. ಬಂದ ಗಣ್ಯರಿಗೆ ಅವರು ಹೇಳುತ್ತಿದ್ದರು: ‘ಇಷ್ಟು ವರ್ಷದಲ್ಲಿ ನಮ್ಮ ನೆಂಟರ ಕತ್ತಿ ಒಂದು ಕೂದಲೆಳೆ ತಪ್ಪಿಲ್ಲ. ನೋಡ್ತಾ ಇರಿ.’ ನೆಂಟರು ಹೊರಗೇ ನಿಂತರು. ಅಷ್ಟರಲ್ಲಿ ಅಳಿಯನೇ ಹೊರಗೆ ಬಂದ.

‘ಬನ್ನಿ ಮಾವ, ಕತ್ತಿ ತೋರಿಸಿ.’ ಅವರ ಕೈಯಲ್ಲಿದ್ದ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, ನಗುತ್ತ ಹೇಳಿದ: ‘ನಿಮ್ಮ ಕೈ, ನನ್ನ ತಲೆ.’

ಬಾಯಿಪಾಠ ಮಾಡಿದ ಮಾತು ಗಂಟಲಲ್ಲೇ ಇತ್ತು. ಆದರೆ ಇಷ್ಟು ವರ್ಷ ಆ ಮಾತಿಗೆ ಒಂದೇ ಉತ್ತರ ಕೊಟ್ಟು ರೂಢಿಯಾದ ಬಾಯಿ, ಒಡೆಯನನ್ನು ಕೇಳದೆ, ‘ಹೋಗಿ ಮಲಗು, ಮಗನೇ’ ಎಂದುಬಿಟ್ಟಿತು. ಗಂಟೆ ಹೊಡೆಯಿತು. ಅಳಿಯ ಹೊರಟುಹೋದ. ಮೊದಲ ದಿನ ಮಾತು ತಪ್ಪಿ ನಗೆಪಾಟಲಾಗಿದ್ದ ಮನುಷ್ಯ ಈಗ ಮಾತು ತಪ್ಪದೆ ಕೆಟ್ಟರು.

ಪರದೆ ಎದ್ದಿತು. ಕತ್ತಲೆ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ನೆಂಟರು ಕತ್ತಿ ಹಿಡಿದು ಒಳಗೆ ಕಾಲಿಟ್ಟರು. ಹೊಸ ಹಲಗೆಗಳು ನುಣ್ಣಗೆ, ಮೂಕವಾಗಿ, ಒಂದರಂತೆ ಇನ್ನೊಂದು ಇದ್ದವು. ನಡೆದರು. ನಡು ಬಂತೇ, ದಾಟಿತೇ? ಮುಂದೆ ರಂಗದ ಅಂಚೋ, ಮಂಚವೋ? ಅಳಿಯನ ಉಸಿರು ಕೇಳುತ್ತದೆಯೇ ಎಂದು ಕಿವಿಗೊಟ್ಟರು. ಪಾಪ, ಅವನು ಒಳ್ಳೆಯ ನಟ, ಉಸಿರನ್ನೂ ಬಿಗಿಹಿಡಿದಿದ್ದ. ಕಾಲು ಯಾವುದಕ್ಕೋ ತಾಕಿತು. ಮಂಚ. ಆದರೆ ತಲೆಯ ಕಡೆಯೋ, ಕಾಲಿನ ಕಡೆಯೋ, ನಡುವೋ ಹೇಳುವ ಹಲಗೆ ಇರಲಿಲ್ಲ.

ಕತ್ತಿ ಎತ್ತಿದರು. ಎತ್ತಲೇಬೇಕು, ನಾಟಕ ಹಾಗಿದೆ. ತೋಳು ತನಗೆ ಗೊತ್ತಿದ್ದ ಕಡೆ ತಿರುಗಿತು. ದಿಂಬು ಅಲ್ಲೇ ಇದೆ, ಬೀಸು ಎಂದಿತು ತೋಳು. ಬೀಸಬಹುದಿತ್ತು. ನೂರಕ್ಕೆ ತೊಂಬತ್ತು ಪಾಲು ಸರಿಯಾಗಿಯೇ ಬೀಳುತ್ತಿತ್ತೇನೋ. ದೊಡ್ಡವರ ಬೆವೆತ ಅಂಗೈ ತಮ್ಮ ಹಣೆಯ ಮೇಲೆ ಈಗಲೂ ಇದ್ದಂತೆ ಅವರಿಗೆ ಅನಿಸಿತು. ಇಷ್ಟು ದಿನ ತಾನು ಹೆದರಿದ್ದೆಲ್ಲ ತನಗಾಗಿ, ತನ್ನ ಕಿರೀಟಕ್ಕಾಗಿ, ಕಿಟಕಿಯ ಪಕ್ಕದ ಕುರ್ಚಿಗಾಗಿ. ಎಲ್ಲಾ ಚಿಲ್ಲರೆ ಹೆದರಿಕೆ. ಮಲಗಿದವನ ಬಗ್ಗೆ ಅವರಿಗೆ ಈಗ ಹೆದರಿಕೆಯಾಯಿತು.

ಮಂಡಿಯೂರಿದರು. ಕತ್ತಿಯನ್ನು ನಿಧಾನವಾಗಿ ನೆಲಕ್ಕಿಟ್ಟು, ಎಡಗೈ ಚಾಚಿ, ತೋಳು ಹೇಳಿದ್ದ ಅದೇ ಜಾಗವನ್ನು ಮುಟ್ಟಿದರು. ಹತ್ತಿ ಇರಲಿಲ್ಲ. ಬೆಚ್ಚಗಿತ್ತು. ಕೂದಲು, ಅದರ ಕೆಳಗೆ ಹಣೆ, ಹಣೆಯಲ್ಲಿ ಮಿಡಿಯುವ ನರ. ಅವರ ಬಾಯಿಂದ ಒಂದು ಕೂಗು ಹೊರಬಂತು. ಅದು ಯಾವ ಅಂಕದಲ್ಲೂ ಇರಲಿಲ್ಲ.

ಅಳಿಯ ನಿಯಮ ಮುರಿದು ಕಣ್ಣು ತೆರೆದ. ಒಂದು ಗೇಣು ದೂರದಲ್ಲಿ ಮಾವನ ಮುಖ. ಮಾವನ ಕಣ್ಣುಗಳು ಅವನನ್ನು ಬಿಟ್ಟು ಪಕ್ಕದ ಕತ್ತಲೆಯನ್ನು ನೋಡುತ್ತಿದ್ದವು.

ಪರದೆ ಬಿತ್ತು. ಚಪ್ಪಾಳೆ ಸೂರು ಕಿತ್ತುಹೋಗುವಂತಿತ್ತು. ಯಜಮಾನರು ಓಡಿಬಂದು ತಬ್ಬಿಕೊಂಡರು: ‘ಎಂಥಾ ಅಭಿನಯ ಮಾಡಿಬಿಟ್ರಿ ನೆಂಟರೇ! ಕತ್ತಿ ಇಟ್ಟು ಮಗನ ತಲೆ ಸವರೋದು! ನಾಳೆಯಿಂದ ಹೀಗೇ ಇರ್ಲಿ.’ ಅವರ ಹಿಂದೆಯೇ ಬಡಗಿ. ಮೀಸೆ ನರೆತಿತ್ತು, ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. ‘ಹೇಗಿತ್ತು ಸ್ವಾಮಿ ನೆಲ? ನೀವು ರಾಜ ಆದ ವರ್ಷ ಬೈದಿದ್ರಿ, ಎತ್ತಿನಗಾಡಿ ಅಂತ. ಅವತ್ತಿಂದ ಮನಸಲ್ಲಿ ಕೊರೀತಾ ಇತ್ತು. ಈ ಸಲ ಒಂದು ಹಲಗೇನೂ ಬಿಡದೆ ಕಿತ್ತು ಹಾಕ್ದೆ. ಒಂದ್ ಸದ್ದೂ ಇಲ್ಲ ಅಲ್ವಾ?’

ನೆಂಟರ ಕಣ್ಣಲ್ಲಿ ನೀರು ಬಂತು. ಬಡಗಿ ಅದನ್ನು ಸಂತೋಷ ಎಂದುಕೊಂಡ. ‘ಒಂದ್ ಸದ್ದೂ ಇಲ್ಲ ಕಣಯ್ಯಾ. ತುಂಬಾ ಚೆನ್ನಾಗಿ ಮಾಡಿದೀಯ’ ಎಂದರು. ಮೂಲೆಯಲ್ಲಿ ನಿಂತಿದ್ದ ಅಳಿಯ ಒಮ್ಮೆ ನೆಲ ನೋಡಿದ, ಒಮ್ಮೆ ಮಾವನ ಕಣ್ಣು ನೋಡಿದ.

ಎಲ್ಲರೂ ಹೋದ ಮೇಲೆ ಕೇಳಿದ. ‘ಎಷ್ಟು ಕಾಲದಿಂದ ಮಾವ?’

ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಕೈ ಇಟ್ಟ ಜಾಗವೇ ಕತ್ತಿ ಬೀಳಬೇಕಿದ್ದ ಜಾಗ ಎಂಬುದನ್ನೂ ಹೇಳಿದರು. ಅವನು ಈ ಸಲ ತಮಾಷೆ ಮಾಡಲಿಲ್ಲ. ‘ನಾನಿನ್ನು ನಿಮ್ಮ ಮುಂದೆ ಕಣ್ಣು ಮುಚ್ಚಿ ಮಲಗಲಾರೆ ಮಾವ. ಕೋಪ ಅಲ್ಲ. ಆಗಲ್ಲ’ ಎಂದ. ನೆಂಟರಿಗೆ ಅದು ನ್ಯಾಯ ಅನಿಸಿತು. ಕಿರೀಟ ತೆಗೆದು, ಹುಡುಕಿ, ಮೇಜಿನ ಮೇಲೆ ಇಟ್ಟರು. ಮರುದಿನ ಬೆಳಿಗ್ಗೆ ಯಜಮಾನರ ಕೋಣೆಗೆ ಹೆಂಡತಿಯ ಕೈ ಹಿಡಿದುಕೊಂಡೇ ಹೋದರು. ಎಲ್ಲರೂ ನೋಡಲಿ ಎಂದೇ ಹಿಡಿದುಕೊಂಡರು.

ಅಳಿಯ ರಾಜನಾದ. ಕತ್ತಿ ಅವನ ಕೈಗೆ ಬಂತು, ಆದರೆ ಕಲಿಯುವವನ ಕತ್ತಿಯ ಕೆಳಗೆ ಮಲಗುವವರು ಯಾರು? ಹೊಸ ರಾಜಕುಮಾರ, ‘ಮೊದಲು ದಿಂಬಿನ ಮೇಲೆ ಅಭ್ಯಾಸ ಮಾಡ್ಲಿ, ಆಮೇಲೆ ನೋಡೋಣ’ ಎಂದು ಜಾರಿಕೊಂಡ. ಬರೀ ದಿಂಬಿನ ಮೇಲೆ ಕಲಿತ ಕೈಗೆ ಹೆದರಿಕೆ ಬರುವುದಿಲ್ಲ ಎಂದು ನೆಂಟರಿಗೆ ಗೊತ್ತಿತ್ತು. ಹೆಂಡತಿ ಬೇಡವೆಂದರೂ ಕೇಳದೆ ತಾಲೀಮಿಗೆ ಬಂದು, ಮಂಚವನ್ನು ಸವರಿ ನೋಡಿ, ಹಳೆಯ ಜಾಗದಲ್ಲಿ ತಲೆ ಇಟ್ಟರು.

‘ಕತ್ತಿ ತೋರ್ಸು’ ಎಂದರು. ಅಳಿಯ ತಂದು ಹಿಡಿದ. ಅವರು ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು. ‘ನಿನ್ನ ಕೈ, ನನ್ನ ತಲೆ.’

ಅದಕ್ಕೆ ರಾಜ ಕೊಡಬೇಕಾದ ಉತ್ತರ ಅವನಿಗೆ ಗೊತ್ತಿತ್ತು. ಅದರಲ್ಲಿ ‘ಮಗನೇ’ ಎಂಬ ಮಾತನ್ನು ಮಾವನಿಗೆ ಹೇಗೆ ಹೇಳುವುದು? ‘ಮಲಗಿ ಮಾವ’ ಎಂದಷ್ಟೇ ಹೇಳಿದ.

ಅವರು ಕಣ್ಣು ಮುಚ್ಚಿದರು. ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ಈಗ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಿಂದೆ ಹೀಗೆ ಮಲಗಿದ್ದಾಗ ನೆಲ ಮೊದಲೇ ಹೇಳುತ್ತಿತ್ತು, ಬಂದ, ಅರ್ಧ ಬಂದ, ಪಕ್ಕದಲ್ಲಿದ್ದಾನೆ ಎಂದು. ಬಡಗಿ ಆ ಬಾಯನ್ನು ಮುಚ್ಚಿಸಿದ್ದ. ಅಳಿಯ ಹೊರಟನೋ, ಬಂದನೋ, ಕತ್ತಿ ಎತ್ತಿದನೋ, ಏನೂ ತಿಳಿಯಲಿಲ್ಲ. ಹೆಂಡತಿ ಪರದೆಯ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರುತ್ತಾಳೆ ಎಂದು ಅವರಿಗೆ ನೋಡದೆಯೂ ಗೊತ್ತಿತ್ತು. ಅವರು ಮಿಸುಕಲಿಲ್ಲ.

ಗಾಳಿ ಸುಯ್ಯೆಂದಿತು. ದಿಂಬು ಧೊಪ್ಪೆಂದು ಒಡೆಯಿತು. ಹತ್ತಿ ತುಟಿಗೆ ಬಂದು ಕೂತಿತು.

ಆಮೇಲೆ ಹಣೆಯ ಮೇಲೆ ಒಂದು ಕೈ ಬಂತು, ಬೆವರು ಒರೆಸಲು. ಆ ಕೈ ಬೆವರಿ ಒದ್ದೆ ತೊಪ್ಪೆಯಾಗಿತ್ತು.

‘ಹೆದರಿದ್ಯಾ?’ ನೆಂಟರು ಕೇಳಿದರು.

‘ತುಂಬಾ, ಮಾವ.’

‘ಸರಿ ಹಾಗಾದ್ರೆ’ ಎಂದು ಅವರು ಬಾಯಿಗೆ ಬಂದ ಹತ್ತಿ ಉಗಿದು, ಮತ್ತೆ ತಲೆಯನ್ನು ಅದೇ ಜಾಗದಲ್ಲಿ ಇಟ್ಟರು. ‘ದೂರ ಬಿತ್ತು. ಇನ್ನೂ ಸ್ವಲ್ಪ ಹತ್ತಿರ ಹೊಡಿ.’